ತಪ್ಪು ಹುಡುಕುವುದೂ ಒಂದು ಕೆಲಸವೇ!

‘ನಿಮ್ಮ ಮಗಳು ಸಾಫ್ಟ್‌ವೇರಾ?’ ಎಂದು ಯಾರಾದರೂ ಕೇಳಿದರೆ ನಮ್ಮ ಪಕ್ಕದ ಮನೆಯ ಆಂಟಿ ತಡವರಿಸುತ್ತಾರೆ. ಮಗಳು ಇರುವುದು ದೊಡ್ಡ ಕಂಪನಿಯಲ್ಲೇ. ಆದರೆ ಅವಳದ್ದು ಪ್ರೋಗ್ರಾಮ್ ಬರೆಯುವ ಕೆಲಸವಲ್ಲ, ‘ಟೆಕ್ನಾಲಜಿ ರಿಸ್ಕ್ ಮತ್ತು ಆಡಿಟ್’. ‘ಅದೇ ಕಣಮ್ಮಾ, ಬೇರೆಯವರ ತಪ್ಪು ಹುಡುಕೋದು’ ಎಂದು ಆಂಟಿ ನಗುತ್ತಾರೆ. ಮೊನ್ನೆ ಆ ಹುಡುಗಿ ಅಳುತ್ತಾ ಮನೆಗೆ ಬಂದಳಂತೆ. ಹೊಸ ಆ್ಯಪ್ ಸರಿಯಾಗಿ ಪರೀಕ್ಷೆಯಾಗಿಲ್ಲ ಎಂದು ಬರೆದದ್ದಕ್ಕೆ ಮೀಟಿಂಗಿನಲ್ಲಿ ಎಲ್ಲರೂ ಅವಳ ಮೇಲೆ ಹರಿಹಾಯ್ದರಂತೆ. ‘ಸುಮ್ನೆ ಸೈನ್ ಹಾಕಿ ಬರಬಾರದಿತ್ತಾ?’ ಅನ್ನೋದು ಆಂಟಿಯ ಪ್ರಶ್ನೆ.

ಹಾಗೆ ಸುಮ್ಮನೆ ಸೈನ್ ಹಾಕಿದರೆ ಏನಾಗುತ್ತೆ ಗೊತ್ತಾ ಗೆಳತಿಯರೇ?

2024ರ ಏಪ್ರಿಲ್ 24ರಂದು ರಿಸರ್ವ್ ಬ್ಯಾಂಕ್, ಕೋಟಕ್ ಮಹೀಂದ್ರಾ ಬ್ಯಾಂಕ್ ಆನ್‌ಲೈನ್ ಮತ್ತು ಮೊಬೈಲ್ ಮೂಲಕ ಹೊಸ ಗ್ರಾಹಕರನ್ನು ಸೇರಿಸಿಕೊಳ್ಳದಂತೆ, ಹೊಸ ಕ್ರೆಡಿಟ್ ಕಾರ್ಡ್ ಕೊಡದಂತೆ ತಡೆಯಿತು. ಕಾರಣ ದುಡ್ಡಿನ ಕೊರತೆಯಲ್ಲ, ಕಂಪ್ಯೂಟರ್ ವ್ಯವಸ್ಥೆಯ ಲೋಪ. ಯಾರಿಗೆ ಯಾವ ಮಾಹಿತಿ ತೆರೆಯಲು ಅನುಮತಿ ಇದೆ, ಹೊರಗಿನ ಗುತ್ತಿಗೆದಾರರ ಮೇಲೆ ಎಷ್ಟು ನಿಗಾ ಇದೆ, ವ್ಯವಸ್ಥೆ ಕೆಟ್ಟು ನಿಂತರೆ ಮುಂದೇನು ಎಂಬಂಥ ವಿಷಯಗಳಲ್ಲೇ ಕೊರತೆ ಕಂಡಿತ್ತು. ಸತತ ಎರಡು ವರ್ಷ ಹೀಗಿತ್ತು ಎಂದು ರಿಸರ್ವ್ ಬ್ಯಾಂಕ್ ಹೇಳಿತು. ‘ಸರಿಪಡಿಸಿದ್ದೇವೆ’ ಎಂದು ಬ್ಯಾಂಕ್ ಕೊಟ್ಟ ಉತ್ತರಗಳೂ ಸಾಲದಾಗಿದ್ದವು, ತಪ್ಪಾಗಿದ್ದವು ಇಲ್ಲವೇ ಮಾಡಿದ ಸುಧಾರಣೆ ಉಳಿದಿರಲಿಲ್ಲ ಎಂದಿತು. ನಿರ್ಬಂಧ ಪೂರ್ತಿ ತೆರವಾದದ್ದು 2025ರ ಫೆಬ್ರುವರಿಯಲ್ಲಿ. ಇದಕ್ಕೂ ಮೊದಲು 2020ರ ಡಿಸೆಂಬರ್‌ನಲ್ಲಿ ಎಚ್‌ಡಿಎಫ್‌ಸಿ ಬ್ಯಾಂಕಿಗೂ ಇಂಥದ್ದೇ ಬಿಸಿ ತಟ್ಟಿತ್ತು. ಆ ತಡೆ ಪೂರ್ತಿ ಹೋಗಲು 2022ರ ಮಾರ್ಚ್‌ವರೆಗೆ ಕಾಯಬೇಕಾಯಿತು.

ಪಕ್ಕದ ಮನೆಯ ಹುಡುಗಿಯ ಕೆಲಸ ಇರುವುದು ಇಲ್ಲೇ. ಕೆಲಸ ಬಿಟ್ಟು ಹೋದವರ ಪಾಸ್‌ವರ್ಡ್ ಇನ್ನೂ ನಡೆಯುತ್ತಿದೆಯಾ? ಹಣ ವರ್ಗಾವಣೆಯನ್ನು ಬರೆದವರೇ ಒಪ್ಪಿಗೆಯನ್ನೂ ಕೊಡುತ್ತಿದ್ದಾರಾ? ನಕಲು ಪ್ರತಿ ತೆಗೆದಿಟ್ಟ ಮಾಹಿತಿ ಬೇಕಾದಾಗ ನಿಜಕ್ಕೂ ತೆರೆಯುತ್ತದಾ? ‘ಹೌದು ಮೇಡಂ’ ಎಂದರೆ ಅವಳಿಗೆ ಸಾಲದು, ದಾಖಲೆ ಬೇಕು. ಬ್ಯಾಂಕ್ ಲಾಕರ್ ನೆನಪಿಸಿಕೊಳ್ಳಿ. ನಿಮ್ಮ ಕೀ ಒಂದು, ಬ್ಯಾಂಕಿನ ಕೀ ಇನ್ನೊಂದು. ಎರಡೂ ಒಬ್ಬರ ಕೈಯಲ್ಲಿದ್ದರೆ ನಿಮ್ಮ ಒಡವೆ ನೆಮ್ಮದಿಯಾಗಿ ಇರುತ್ತಾ?

ಕಷ್ಟ ಏನೆಂದರೆ, ಇವಳ ಕೆಲಸ ಚೆನ್ನಾಗಿ ನಡೆದಾಗ ಏನೂ ಆಗುವುದಿಲ್ಲ. ಹಾಗಾಗಿ ಯಾರಿಗೂ ಕಾಣುವುದಿಲ್ಲ. ನಮ್ಮ ಮನೆಗೆಲಸದ ಹಾಗೇ!

ಆದ್ದರಿಂದ ಇಂಥ ಕೆಲಸದ ಮಗಳೋ ಸೊಸೆಯೋ ನಿಮ್ಮ ಮನೆಯಲ್ಲಿದ್ದರೆ ‘ಎಲ್ಲರ ಜೊತೆ ಹೊಂದಿಕೊಂಡು ಹೋಗು’ ಎಂದು ಸೈನ್ ಹಾಕಿಸಬೇಡಿ. ಮಾತು ಮೆದುವಾಗಿರಲಿ, ಕಂಡದ್ದು ಮಾತ್ರ ಬರವಣಿಗೆಯಲ್ಲೇ ಇರಲಿ ಎನ್ನಿ. ಮುಂದೆ ತೊಂದರೆಯಾದರೆ ಅವಳನ್ನು ಕಾಯುವುದು ಆ ಕಾಗದವೇ. ಬಿಕಾಂ ಓದಿ ಮನೆಯಲ್ಲಿರುವವರೂ ಈ ದಾರಿ ಯೋಚಿಸಬಹುದು. ಲೆಕ್ಕಪತ್ರ ಗೊತ್ತಿದ್ದು, ಬಿಡದೆ ಪ್ರಶ್ನೆ ಕೇಳುವ ಸ್ವಭಾವವಿದ್ದರೆ ಕಂಪ್ಯೂಟರ್ ವಿಷಯ ಕಲಿತುಕೊಳ್ಳಬಹುದು. ‘ಸೀಸಾ’ ಎಂಬ ಪರೀಕ್ಷೆಗೆ ಈ ಕ್ಷೇತ್ರದಲ್ಲಿ ಒಳ್ಳೆಯ ಬೆಲೆಯಿದೆ.

ಮನೆಯ ಆಡಿಟ್ ಮಾತ್ರ ಇವತ್ತೇ ಶುರು ಮಾಡಿ. ಬ್ಯಾಂಕಿನಲ್ಲಿರುವುದು ನಿಮ್ಮ ಈಗಿನ ಮೊಬೈಲ್ ನಂಬರಾ ನೋಡಿ. ಪಾಸ್‌ಬುಕ್ಕನ್ನು ತಿಂಗಳಿಗೊಮ್ಮೆಯಾದರೂ ತೆರೆಯಿರಿ. ನಿಮಗೆ ಗೊತ್ತಿಲ್ಲದೆ ಹಣ ಹೋಗಿದ್ದರೆ ‘ಯಜಮಾನರು ಬರಲಿ’ ಎಂದು ಕಾಯದೆ ತಕ್ಷಣ ಬ್ಯಾಂಕಿಗೆ ತಿಳಿಸಿ, 1930ಕ್ಕೆ ಫೋನ್ ಮಾಡಿ.

ಆಂಟಿಗೂ ಇದನ್ನೇ ಹೇಳಿದೆ. ‘ಅಂದ್ರೆ ನನ್ನ ಪಿಂಚಣಿ ದುಡ್ಡನ್ನೂ ಇಂಥ ಯಾವಳೋ ಹುಡುಗಿ ಕಾಯ್ತಿರ್ತಾಳೆ ಅನ್ನು’ ಎಂದರು. ಆ ಸಂಜೆ ಮಗಳಿಗೆ ಇಷ್ಟವಾದ ಅಕ್ಕಿ ರೊಟ್ಟಿ ಮಾಡಿದರಂತೆ.