ದಾನದ ಹಿಂದಿರುವ ರಾಜಕಾರಣ

ದಾನವು ಪಕ್ಷ-ಪಂಗಡಗಳಾಚೆಗಿನದು ಎಂಬ ನಂಬಿಕೆ ನಮ್ಮ ಸಮಾಜದಲ್ಲಿ ಆಳವಾಗಿ ಬೇರೂರಿದೆ. ಹಸಿವಿಗೆ ರಾಜಕೀಯವಿಲ್ಲವೆಂಬುದು ನಿಜ. ಆದರೆ ಅನ್ನ ನೀಡುವವನಿಗೆ ಅದು ಇದ್ದೇ ಇರುತ್ತದೆ. ಸಂಪತ್ತು ತನ್ನ ದುಡಿಮೆಯ ಫಲವೆಂದು ತಿಳಿದವನು ಕರುಣೆಯಿಂದ ಕೊಡುತ್ತಾನೆ; ಅದು ಸಮಾಜ ತನ್ನ ವಶಕ್ಕೆ ಒಪ್ಪಿಸಿದ ನಿಧಿಯೆಂದು ತಿಳಿದವನು ಕರ್ತವ್ಯವೆಂದು ಕೊಡುತ್ತಾನೆ; ಅದು ಇತರರಿಂದ ಕಸಿದುಕೊಂಡದ್ದೆಂದು ಒಪ್ಪುವವನು ಋಣ ತೀರಿಸುವಂತೆ ಕೊಡುತ್ತಾನೆ. ಈ ಮೂವರ ಉದ್ದೇಶ ಬೇರೆಯಾಗಿರುವಂತೆ, ಕೊಡುವ ವಸ್ತುವೂ ಬೇರೆಯಾಗುತ್ತದೆ. ಇದಕ್ಕೆ ಭೂದಾನ ಚಳವಳಿಗಿಂತ ಸ್ಪಷ್ಟವಾದ ನಿದರ್ಶನ ನಮ್ಮ ದೇಶದಲ್ಲಿ ದೊರೆಯುವುದು ಕಷ್ಟ.

1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಲ್ಲಿಯಲ್ಲಿ 40 ದಲಿತ ಕುಟುಂಬಗಳು ವಿನೋಬಾ ಭಾವೆಯವರಲ್ಲಿ 80 ಎಕರೆ ಭೂಮಿ ಕೇಳಿದವು. ಅಲ್ಲೇ ಇದ್ದ ರಾಮಚಂದ್ರ ರೆಡ್ಡಿಯವರು 100 ಎಕರೆ ಕೊಡಲು ಮುಂದಾದರು. ಈ ಔದಾರ್ಯ ಶೂನ್ಯದಲ್ಲಿ ಹುಟ್ಟಿದ್ದಲ್ಲ. 1946ರಿಂದ ಆ ಸೀಮೆಯಲ್ಲಿ ಕಮ್ಯುನಿಸ್ಟರ ನೇತೃತ್ವದಲ್ಲಿ ರೈತರ ಸಶಸ್ತ್ರ ಹೋರಾಟ ನಡೆದಿತ್ತು. ಜಮೀನ್ದಾರರ ಭೂಮಿಯನ್ನು ವಶಪಡಿಸಿಕೊಂಡು ಹಂಚಲಾಗಿತ್ತು. ಭೂಮಿಯ ಪ್ರಶ್ನೆಗೆ ಉತ್ತರ ಕೊಡಲೇಬೇಕಾದ ಕಾಲ ಅದು.

ವಿನೋಬಾರ ದೃಷ್ಟಿಯಲ್ಲಿ ಗಾಳಿ-ನೀರಿನಂತೆ ಭೂಮಿಯೂ ಎಲ್ಲರದು. ಐವರು ಮಕ್ಕಳಿರುವ ಮನೆಯಲ್ಲಿ ತಮ್ಮನ್ನು ಆರನೆಯ ಮಗನೆಂದು ಎಣಿಸಿ ಪಾಲು ಕೊಡಿರೆಂದು ಅವರು ಕೇಳುತ್ತಿದ್ದರು. ಅದು ಭಿಕ್ಷೆಯಲ್ಲ, ಹಕ್ಕಿನ ಪಾಲು. ಕೊಟ್ಟವರಲ್ಲಿ ಹಲವರು ಇದನ್ನು ಹೀಗೆಯೇ ಗ್ರಹಿಸಿದರು. ತುಂಡುಭೂಮಿಯ ಬಡರೈತರೂ ಅವರಲ್ಲಿದ್ದರು. ಆದರೆ ಹೋರಾಟದ ಭಯದಿಂದ, ಬರಲಿದ್ದ ಭೂಮಿತಿ ಕಾನೂನಿನ ಅಂಜಿಕೆಯಿಂದ, ಊರಿನಲ್ಲಿ ಹೆಸರು ಉಳಿಸಿಕೊಳ್ಳುವ ಆಸೆಯಿಂದ ಕೊಟ್ಟವರೂ ಕಡಿಮೆಯಿರಲಿಲ್ಲ. ದುಡಿಯುವವನ ಹಕ್ಕನ್ನು ಒಡೆಯನ ಕೃಪೆಯಾಗಿ ಮಾರ್ಪಡಿಸುವ ಉಪಾಯವಿದು ಎಂಬುದು ಎಡಪಂಥೀಯರ ಆಕ್ಷೇಪವಾಗಿತ್ತು. ಸಮಾಜವಾದಿಯಾಗಿದ್ದ ಜಯಪ್ರಕಾಶ ನಾರಾಯಣರಾದರೋ 1954ರಲ್ಲಿ ಈ ಕಾರ್ಯಕ್ಕೆ ತಮ್ಮ ಜೀವನವನ್ನೇ ದಾನವಾಗಿ ಅರ್ಪಿಸಿದರು.

1957ರ ಸೆಪ್ಟೆಂಬರ್‌ನಲ್ಲಿ ಮೈಸೂರಿನ ಸಮೀಪದ ಯಲವಾಲದಲ್ಲಿ ಗ್ರಾಮದಾನದ ಬಗ್ಗೆ ಸರ್ವಪಕ್ಷಗಳ ಸಮಾವೇಶ ನಡೆಯಿತು. ನೆಹರೂ ಬಂದಿದ್ದರು, ಕೇರಳದ ಕಮ್ಯುನಿಸ್ಟ್ ಮುಖ್ಯಮಂತ್ರಿ ನಂಬೂದಿರಿಪಾಡರೂ ಬಂದಿದ್ದರು. ಚಳವಳಿಗೆ ಎಲ್ಲರ ಬೆಂಬಲ ದೊರೆಯಿತು. ಆದರೆ ಬೆಂಬಲದ ಮಾತು ಒಂದಾದರೂ ಅದರ ಹಿಂದಿನ ನಿರೀಕ್ಷೆಗಳು ಒಂದಾಗಿರಲಿಲ್ಲ. ಭೂಸುಧಾರಣೆಯ ಕಾನೂನಿಗೆ ದಾನವು ಪೂರಕವೆಂದು ಬಗೆದವರು ಒಂದೆಡೆ. ದಾನವಿರುವಾಗ ಕಠಿಣ ಕಾನೂನೇಕೆಂದು ಸಮಾಧಾನಪಟ್ಟವರು ಇನ್ನೊಂದೆಡೆ.

ಉದ್ದೇಶ ಯಾವುದಾದರೇನು, ಬಡವನಿಗೆ ಭೂಮಿ ಸಿಕ್ಕಿತಲ್ಲ ಎಂದು ವಾದಿಸುವವರಿದ್ದಾರೆ. ಇತಿಹಾಸ ಈ ವಾದವನ್ನು ಒಪ್ಪುವುದಿಲ್ಲ. ಐದು ಕೋಟಿ ಎಕರೆಯ ಗುರಿಯೆದುರು ಕೂಡಿಬಂದದ್ದು 40 ಲಕ್ಷ ಎಕರೆಗಿಂತ ತುಸು ಹೆಚ್ಚು. ಅದರಲ್ಲಿಯೂ ಬಹುಭಾಗ ಕಲ್ಲುಗುಡ್ಡ, ನದಿಪಾತ್ರ, ಕಾಡು, ಇಲ್ಲವೇ ನ್ಯಾಯಾಲಯದಲ್ಲಿ ವ್ಯಾಜ್ಯವಿದ್ದ ನೆಲ. ಹಂಚಿಕೆಯಾಗದೆ ಉಳಿದದ್ದೂ ಅಪಾರ. ಭಯದಿಂದ ಕೊಡುವವನು ತನಗೆ ಬೇಡವಾದದ್ದನ್ನು ಕೊಡುತ್ತಾನೆ. ಪಾಲೆಂದು ಕೊಡುವವನು ಮಾತ್ರ ಫಲವತ್ತಾದ ಹೊಲಕ್ಕೆ ಕೈಯಿಡುತ್ತಾನೆ. ಮನಸ್ಸಿನೊಳಗಿನ ಉದ್ದೇಶ ಹೀಗೆ ಮಣ್ಣಿನ ಗುಣದಲ್ಲಿಯೇ ಬಯಲಾಯಿತು.

ಕಾನೂನಿನ ಹಾದಿಯೂ ನಿರ್ದೋಷವಲ್ಲ. 1974ರಲ್ಲಿ ಜಾರಿಗೆ ಬಂದ ಕರ್ನಾಟಕದ ಭೂಸುಧಾರಣಾ ತಿದ್ದುಪಡಿಯಿಂದ ಅಸಂಖ್ಯ ಗೇಣಿದಾರರು ಒಡೆತನ ಪಡೆದರು. ಅದಕ್ಕಾಗಿ ಅವರು ಯಾರ ಮುಂದೆಯೂ ಕೃತಜ್ಞತೆಯಿಂದ ಬಾಗಬೇಕಾಗಲಿಲ್ಲ. ಆದರೆ ಅದೇ ಕಾಯಿದೆ ಕಾಫಿ, ಏಲಕ್ಕಿ ಮುಂತಾದ ತೋಟಗಳಿಗೆ ಭೂಮಿತಿಯಿಂದ ವಿನಾಯಿತಿ ನೀಡಿತು; ಗೇಣಿಯೂ ಇಲ್ಲದ ಕೂಲಿಕಾರನಿಗೆ ಅದರಿಂದ ದಕ್ಕಿದ್ದು ಅಲ್ಪ. ಇತ್ತ ಭೂದಾನವೂ ಬರಿಗೈಯಲ್ಲಿ ಮುಗಿಯಲಿಲ್ಲ. ಚಂಡಿಪ್ರಸಾದ ಭಟ್ಟ, ಸುಂದರಲಾಲ ಬಹುಗುಣರಂಥ ಸರ್ವೋದಯ ಕಾರ್ಯಕರ್ತರೇ 1970ರ ದಶಕದಲ್ಲಿ ಹಿಮಾಲಯದ ಚಿಪ್ಕೋ ಚಳವಳಿಗೆ ಬಲವಾಗಿ ನಿಂತರು. ಭೂಮಿಯ ದಾನ ಸೋತಲ್ಲಿಯೂ ಬದುಕಿನ ದಾನ ಫಲ ಕೊಟ್ಟಿತು.

ಇಂದು ಅದೇ ಪ್ರಶ್ನೆ ಹೊಸ ವೇಷದಲ್ಲಿ ಎದುರು ನಿಂತಿದೆ. 2013ರ ಕಂಪೆನಿ ಕಾಯಿದೆಯ 135ನೆಯ ಕಲಮಿನಂತೆ, 2014ರ ಏಪ್ರಿಲ್‌ನಿಂದ ದೊಡ್ಡ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಕಾರ್ಯಕ್ಕೆ ವಿನಿಯೋಗಿಸಬೇಕಾಗಿದೆ. ಪರಿಸರ ಸಂರಕ್ಷಣೆಯೂ ಆ ಪಟ್ಟಿಯಲ್ಲಿದೆ. ಇದು ದಾನವೋ, ತೆರಿಗೆಯೋ? ಮಾರುಕಟ್ಟೆಯನ್ನು ನಂಬುವವರಿಗೆ ಇದು ಉದ್ಯಮದ ಔದಾರ್ಯ; ನಂಬದವರಿಗೆ ಜನರ ಪಾಲಿನ ಒಂದು ಚೂರು. ಮೊತ್ತವನ್ನು ಕಾನೂನು ನಿಗದಿಪಡಿಸಿದೆ, ಅದು ಎಲ್ಲಿಗೆ ಹೋಗಬೇಕೆಂಬುದನ್ನು ಮಾತ್ರ ಕಂಪೆನಿಯ ಆಡಳಿತ ಮಂಡಳಿಯೇ ನಿರ್ಧರಿಸುತ್ತದೆ. ಬೆಟ್ಟದ ಊರಿಗೆ ಸಸಿಗಳು ಬರುತ್ತವೆ. ಆ ಬೆಟ್ಟದ ಮೇಲೆ ಯಾರ ಹಕ್ಕು ಎಂಬ ಚರ್ಚೆ ಅವುಗಳೊಂದಿಗೆ ಬರುವುದಿಲ್ಲ.

ಆದ್ದರಿಂದ ದಾನವನ್ನು ಸ್ವೀಕರಿಸುವ ಸಮುದಾಯ ಅದರ ಹಿಂದಿನ ನಂಬಿಕೆಯನ್ನು ವಿಚಾರಿಸುವುದು ಕೃತಘ್ನತೆಯಲ್ಲ, ವಿವೇಕ. ಇದನ್ನು ಕೇಳಿದವರು ಯಾರು? ಕೊಟ್ಟವನು ತನಗೆಂದು ಉಳಿಸಿಕೊಂಡದ್ದೇನು? ಇದರಿಂದ ಹಕ್ಕಿನ ಪ್ರಶ್ನೆ ಮುಂದೆ ಸಾಗುವುದೋ, ಮುಚ್ಚಿಹೋಗುವುದೋ? ಪೋಚಂಪಲ್ಲಿಯ 40 ಕುಟುಂಬಗಳು ತಮಗೆ ಎಷ್ಟು ಬೇಕೆಂದು ಬಾಯಿಬಿಟ್ಟು ಕೇಳಿದ್ದವು. ದಾನದ ಕಥೆ ಹೇಳುವಾಗ ಕೊಟ್ಟವರ ಹೆಸರು ಉಳಿಯುತ್ತದೆ. ಕೇಳಿದವರ ಧೈರ್ಯವೂ ಅಷ್ಟೇ ನೆನಪಿನಲ್ಲಿ ಉಳಿಯಬೇಕಾಗಿದೆ.