ತಾಳ ದೊಡ್ಡದೋ, ಮಾತು ದೊಡ್ಡದೋ?

ನಮ್ಮ ಕಾಲೇಜಿಗೆ ಚನ್ನಗಿರಿಯ ಅಡಿಕೆ ತೋಟಗಳಿಂದ ಬರುವವರುಂಟು. ಹೊನ್ನಾಳಿಯ ಹೊಳೆದಂಡೆಯಿಂದ, ನ್ಯಾಮತಿಯ ಕಡೆಯಿಂದ, ಮಳೆಗಾಗಿ ಆಕಾಶ ನೋಡುವ ಜಗಳೂರಿನಿಂದ ಬರುವವರೂ ಉಂಟು. ನಮ್ಮಲ್ಲಿ ಏನೇ ಭೇದವಿದ್ದರೂ ಒಂದು ವಿಷಯದಲ್ಲಿ ಎಲ್ಲರೂ ಒಂದೇ. ಗಣೇಶನನ್ನು ಬಿಡುವ ದಿನ ಲಾರಿಯ ಮೇಲೆ ಆಳೆತ್ತರದ ಡಿಜೆ ಪೆಟ್ಟಿಗೆಗಳನ್ನು ಹೇರಿ, ರ‍್ಯಾಪ್ ಹಾಡು ಹಾಕಿ, ಎದೆಗೂಡು ನಡುಗುವಂತೆ ಕುಣಿಯುತ್ತೇವೆ. ಕುಣಿದವರಲ್ಲಿ ನಾನೂ ಒಬ್ಬನೆಂದು ಮೊದಲೇ ಒಪ್ಪಿಕೊಂಡು ಈ ಲೇಖನಕ್ಕೆ ಕೈ ಹಾಕಿದ್ದೇನೆ.

ಈ ಹಾಡನ್ನು ಕುರಿತು ಎರಡು ಅಭಿಪ್ರಾಯಗಳು ಕೇಳಿಬರುತ್ತವೆ. ಇದು ಸಂಗೀತವೇ ಅಲ್ಲ, ಬರಿಯ ಗದ್ದಲ ಎಂದು ಹಿರಿಯರು ಹೇಳುತ್ತಾರೆ. ಹಳಬರಿಗೆ ಇದರ ರುಚಿ ತಿಳಿಯದು ಎಂದು ನಾವು ತರುಣರು ಹೇಳುತ್ತೇವೆ. ಎರಡೂ ಅರ್ಧ ಸತ್ಯಗಳೆಂದು ನನ್ನ ನಮ್ರ ಅಭಿಪ್ರಾಯ.

ಈ ಕಲೆ ಹುಟ್ಟಿದ್ದು ಸಿರಿವಂತರ ಮಹಲಿನಲ್ಲಲ್ಲ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯಲ್ಲಿ ಒಬ್ಬ ಹುಡುಗಿ ಶಾಲೆಯ ಬಟ್ಟೆಬರೆಗೆ ಹಣ ಕೂಡಿಸಲೆಂದು ಒಂದು ಸಂತೋಷಕೂಟ ಏರ್ಪಡಿಸಿದಳು. ಅಲ್ಲಿ ಹಾಡಿನ ತಟ್ಟೆಗಳನ್ನು ತಿರುಗಿಸಿದವನು ಅವಳ ಅಣ್ಣ ಕೂಲ್ ಹರ್ಕ್. ಹಿಪ್-ಹಾಪ್ ಅಂದು ಹುಟ್ಟಿತೆಂದು ಹೇಳುವುದು ವಾಡಿಕೆ. 1980ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿಯ 808 ಎಂಬ ತಾಳಯಂತ್ರ ಬಂದ ಮೇಲೆ ಅದರ ತಗ್ಗುದನಿಯ ಗುಡುಗು ಈ ಹಾಡುಗಳ ಜೀವಾಳವಾಯಿತು.

ಆ ಗುಡುಗನ್ನೇ ನಂಬಿ ಮೇಲೆ ಬಂದದ್ದು ಮಯಾಮಿಯ ‘ಟೂ ಲೈವ್ ಕ್ರೂ’ ಎಂಬ ತಂಡ. ಅವರ ಮಾತು ಅತ್ಯಂತ ಒರಟು. 1990ರಲ್ಲಿ ಒಬ್ಬ ನ್ಯಾಯಾಧೀಶರು ಅವರ ಧ್ವನಿಮುದ್ರಿಕೆಯೊಂದು ಅಶ್ಲೀಲವೆಂದು ತೀರ್ಪಿತ್ತರು. ತಂಡದವರ ಬಂಧನವೂ ಆಯಿತು. 1992ರಲ್ಲಿ ಮೇಲಿನ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಇನ್ನೊಬ್ಬರ ಹಾಡನ್ನು ಅಣಕಿಸುವುದು ತಾನಾಗಿಯೇ ಕಳ್ಳತನವಾಗದು ಎಂಬುದನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1994ರಲ್ಲಿ ಎತ್ತಿಹಿಡಿದದ್ದೂ ಇವರ ಮೊಕದ್ದಮೆಯಲ್ಲಿಯೇ. ಅಷ್ಟು ಹೊತ್ತಿಗೆ ಅವರ ಒಗ್ಗಟ್ಟು ಸಡಿಲವಾಗಿತ್ತು. ಹಾಡುವ ಹಕ್ಕನ್ನು ನ್ಯಾಯಾಲಯ ಕೊಡಬಲ್ಲದು, ಹಾಡಿಗೆ ಬೆಲೆಯನ್ನು ಕೊಡಲಾರದು.

ನಮ್ಮ ನಾಡಿಗೆ ಬರೋಣ. ಬೆಂಗಳೂರಿನ ಬ್ರೋಧ ವಿ, ಸ್ಮೋಕಿ ದ ಘೋಸ್ಟ್ ಮೊದಲಾದವರು ‘ಮಚಾಸ್ ವಿತ್ ಆಟಿಟ್ಯೂಡ್’ ಎಂಬ ಕೂಟ ಕಟ್ಟಿ ಇಂಗ್ಲಿಷಿನಲ್ಲಿ ಹಾಡಿ, ಆಮೇಲೆ ತಮ್ಮ ತಮ್ಮ ದಾರಿ ಹಿಡಿದರು. ಕನ್ನಡದಲ್ಲಿ ಈ ಬಗೆಯ ಹಾಡನ್ನು ಹಳ್ಳಿಗಳವರೆಗೆ ಮುಟ್ಟಿಸಿದವರಲ್ಲಿ ಆಲ್ ಓಕೆ ಎಂಬ ಹೆಸರಿನ ಅಲೋಕ್ ಹಾಗೂ ಚಂದನ್ ಶೆಟ್ಟಿ ಮುಖ್ಯರು. ಚಂದನ್ ಶೆಟ್ಟಿ 2018ರಲ್ಲಿ ‘ಬಿಗ್ ಬಾಸ್’ ಗೆದ್ದು ಮನೆಮಾತಾದರು. 2020ರಲ್ಲಿ ಅವರು ಮಲೆ ಮಹದೇಶ್ವರನ ‘ಕೋಲುಮಂಡೆ’ ಜನಪದ ಗೀತೆಯನ್ನು ಹೊಸ ತಾಳಕ್ಕೆ ಅಳವಡಿಸಿದರು. ಅದರ ಚಿತ್ರಿಕೆಯಲ್ಲಿ ಶರಣೆ ಸಂಕಮ್ಮನನ್ನು ತೋರಿಸಿದ ರೀತಿಗೆ ಭಕ್ತರು ನೊಂದರು. ಹಾಡುಗಾರರು ಕ್ಷಮೆ ಕೇಳಿದರು, ಚಿತ್ರಿಕೆಯನ್ನು ಹಿಂತೆಗೆಯಲಾಯಿತು. ಭಕ್ತರು ನೊಂದದ್ದೇಕೆ? ಸಂಕಮ್ಮ ಯಾರೆಂಬುದು ಅವರಿಗೆ ಗೊತ್ತಿತ್ತು, ಕಥೆ ಅವರದಾಗಿತ್ತು. ಜಗಳವಾಡುವುದಕ್ಕೂ ಮೊದಲು ಕಿವಿಗೊಟ್ಟು ಕೇಳಿರಬೇಕು.

ಇಲ್ಲಿಯೇ ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ನಮ್ಮೂರಿನ ಮೆರವಣಿಗೆಯಲ್ಲಿ ಡೊಳ್ಳಿನ ತಂಡಕ್ಕೂ ಇಷ್ಟು ಹಣವೆಂದು ಎತ್ತಿಡುವ ಪದ್ಧತಿಯಿತ್ತು. ಕಳೆದ ಸಲ ಅದನ್ನೂ ಡಿಜೆಗೇ ಸೇರಿಸೋಣವೆಂದು ಸೂಚಿಸಿದವನು ನಾನು. ಆ ತಂಡದ ಮುಂದಾಳು ನನ್ನ ದೊಡ್ಡಪ್ಪ. ಮೆರವಣಿಗೆಯ ಹೊತ್ತಿನಲ್ಲಿ ಅವರು ಜಗಲಿಯ ಮೇಲೆ ಸುಮ್ಮನೆ ಕುಳಿತಿದ್ದರು. ಬೆವರು ಒರೆಸಿಕೊಳ್ಳುತ್ತ ನೀರು ಕುಡಿಯಲು ಬಂದ ನನ್ನನ್ನು ಕೇಳಿದರು: “ಏನಪ್ಪಾ, ಅವನು ಹಾಡಿನಾಗೆ ಏನು ಹೇಳ್ತಾನೆ?”

ಅವರ ದನಿಯಲ್ಲಿ ಕೋಪವಿರಲಿಲ್ಲ. ನನಗೆ ಉತ್ತರ ತೋಚಲಿಲ್ಲ. ಎರಡು ಗಂಟೆ ಕುಣಿದಿದ್ದರೂ ಒಂದು ಸಾಲೂ ನನ್ನ ಕಿವಿಗೆ ಬಿದ್ದಿರಲಿಲ್ಲ. ದೊಡ್ಡಪ್ಪನ ಡೊಳ್ಳಿಗೂ ಎದೆ ನಡುಗಿಸುವ ದನಿಯಿದೆ. ಆದರೆ ಪದ ಹೇಳುವಾಗ ಅವರು ಡೊಳ್ಳಿನ ಪೆಟ್ಟನ್ನು ತಗ್ಗಿಸುತ್ತಾರೆ. ಬೀರಪ್ಪನ ಕಥೆ ಕೊನೆಯ ಸಾಲಿನಲ್ಲಿ ಕುಳಿತ ಮುದುಕಿಗೂ ಕೇಳಿಸಬೇಕು.

ರ‍್ಯಾಪ್ ಎಂಬುದೂ ಮೂಲತಃ ಮಾತಿನ ಕಲೆ. ನಮ್ಮ ಲಾವಣಿ, ಗೀಗೀ ಪದಗಳಂತೆ ಪ್ರಾಸ ಕಟ್ಟಿ ಸವಾಲು ಹಾಕುವ ಕಲೆ. ಅದರ ಮಾತನ್ನು ನುಂಗಿಹಾಕಿ ಗುಡುಗನ್ನಷ್ಟೇ ಉಳಿಸಿಕೊಂಡವರು ನಾವು. ಆದ್ದರಿಂದ ದೋಷ ಹಾಡಿನದಲ್ಲ, ನಮ್ಮ ಕಿವಿಯದು. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ಮಿತಿ ಹಾಕಿವೆ. ಆ ನಿಯಮವನ್ನು ಪೊಲೀಸರ ಭಯದಿಂದ ಪಾಲಿಸುವುದಕ್ಕಿಂತ, ಹಾಡು ಕೇಳಿಸಲಿ ಎಂಬ ಆಸೆಯಿಂದ ಪಾಲಿಸುವುದು ಮೇಲು.

ಅಧ್ಯಾಪಕ ವೃಂದದವರಲ್ಲಿ ನನ್ನ ವಿನಂತಿ ಇಷ್ಟೇ: ಮುಂದಿನ ವಾರ್ಷಿಕೋತ್ಸವದಲ್ಲಿ ರ‍್ಯಾಪಿಗೂ ಅವಕಾಶ ಕೊಡಿ, ಹಾಡುವವನು ಪದವನ್ನು ತಾನೇ ಕಟ್ಟಿರಬೇಕೆಂಬ ಕಟ್ಟುಪಾಡೂ ಇರಲಿ. ಜಗಳೂರಿನ ಬರವಿದೆ, ಅಡಿಕೆಯ ಧಾರಣೆಯಿದೆ, ಬೆಳಗಿನ ಬಸ್ಸಿನ ನೂಕುನುಗ್ಗಲಿದೆ, ವಸ್ತುವಿಗೆ ಬಡತನವಿಲ್ಲ. ಸಹಪಾಠಿಗಳಲ್ಲಿ ವಿನಂತಿ: ನಿಮ್ಮ ನಿಮ್ಮ ಊರಿನ ಡೊಳ್ಳಿನವರ ಪಾಲಿನ ಹಣವನ್ನು ಮುಟ್ಟಬೇಡಿ. ನಾನಂತೂ ಈ ಸಲ ಹಬ್ಬಕ್ಕೆ ಮುಂಚೆಯೇ ದೊಡ್ಡಪ್ಪನ ಜಗಲಿಗೆ ವೀಳ್ಯದೆಲೆ, ಅಡಿಕೆ ಹಿಡಿದು ಹೋಗುವವನಿದ್ದೇನೆ. ಅವರು ಬರಲೊಪ್ಪಿದರೆ ನನ್ನ ಭಾಗ್ಯ.