ಮಲೆನಾಡಿನ ಚಲಚ್ಚಿತ್ರವೂ ನಮ್ಮ ಔದಾಸೀನ್ಯವೂ

ಸಕಲೇಶಪುರ ಆಲೂರು ಸೀಮೆಗಳ ಬೆಟ್ಟಗಳನ್ನು ಚಲಚ್ಚಿತ್ರದವರು ಕಾಣದೆ ಇಲ್ಲ. ಬಿಸಿಲೆಯ ಕಾಡು, ಮಂಜರಾಬಾದಿನ ಕೋಟೆ, ಮುಂಗಾರಿನ ಮಂಜು, ಇವೆಲ್ಲವೂ ನಾಯಕನಾಯಿಕೆಯರ ಹಾಡಿಗೆ ಹಿನ್ನೆಲೆಯಾಗಿ ಒದಗುತ್ತಲೇ ಇರುವುವು. ಆದರೆ ಕಾಫಿ ತೋಟದ ಲೈನುಮನೆಯಲ್ಲಿ ಹುಟ್ಟಿ ಅಲ್ಲಿಯೇ ಮುಪ್ಪಾಗುವ ಕೂಲಿಯವಳು, ಕೊಯ್ಲಿಗೆ ಬಂದ ಗದ್ದೆಯನ್ನು ಆನೆ ತುಳಿದೀತೆಂದು ರಾತ್ರಿಯೆಲ್ಲ ಎಚ್ಚರವಿರುವ ರೈತನು, ಗೊರೂರಿನಲ್ಲಿ 1979ರಲ್ಲಿ ಮುಗಿದ ಹೇಮಾವತಿ ಅಣೆಕಟ್ಟಿಗೆ ಊರನ್ನೇ ತೆತ್ತು ಚದುರಿದ ಮನೆತನಗಳು, ಇವರ ಬಾಳನ್ನು ತೆರೆಯ ಮೇಲೆ ಕಂಡವರು ನಮ್ಮಲ್ಲಿ ಎಷ್ಟು ಮಂದಿ?

ಏಕೆ ಹೀಗೆಂದು ಕೇಳಿದರೆ ಸಿದ್ಧವಾದ ಉತ್ತರವೊಂದುಂಟು: ಅಂತಹ ಚಿತ್ರಕ್ಕೆ ಹಣ ಹಾಕುವವರಿಲ್ಲ, ಹಾಕಿದರೂ ನೋಡುವವರಿಲ್ಲ. ಈ ಮಾತಿನ ಮೊದಲರ್ಧವು ಸುಳ್ಳು. ಉಳಿದರ್ಧವು ನಾವೇ ಮಾಡಿಕೊಂಡ ನಿಜ.

ಹಣದ ಮಾತನ್ನು ಮೊದಲು ನೋಡೋಣ. ಶ್ಯಾಮ್ ಬೆನೆಗಲ್ಲರ ‘ಮಂಥನ’ಕ್ಕೆ 1976ರಲ್ಲಿ ಬಂಡವಾಳ ಹೂಡಿದವರು ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು, ತಲೆಗೆ 2 ರೂಪಾಯಿಯಂತೆ. ಕೇರಳದಲ್ಲಿ ಜಾನ್ ಅಬ್ರಹಾಮರೂ ಅವರ ಒಡೆಸ್ಸಾ ಬಳಗವೂ ಊರೂರು ತಿರುಗಿ ಕೂಡಿಸಿದ ಕಾಸಿನಿಂದಲೇ 1986ರ ‘ಅಮ್ಮ ಅರಿಯಾನ್’ ಹೊರಬಂದಿತು. ದೂರವೇಕೆ? ನಮ್ಮ ನೆರೆಯ ಮೂಡಿಗೆರೆಯಲ್ಲಿ ಬಾಳಿದ ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿ 2023ರಲ್ಲಿ ಬಂದ ‘ಡೇರ್‌ಡೆವಿಲ್ ಮುಸ್ತಾಫಾ’ಕ್ಕೆ ಹಣ ಕೂಡಿಸಿದವರು ಅವರ ಅಭಿಮಾನಿಗಳಾದ ಸುಮಾರು 100 ಮಂದಿ. ಇನ್ನು ನಟರ ಸಂಭಾವನೆಯೆನ್ನುವಿರಾ? ‘ತಿಥಿ’ಯಲ್ಲಿ ಮಂಡ್ಯ ಸೀಮೆಯ ಹಳ್ಳಿಗರೇ ಅಭಿನಯಿಸಿದರು; 2015ರಲ್ಲಿ ಲೊಕಾರ್ನೊದ ಚಿತ್ರೋತ್ಸವವು ಅದನ್ನು ಪ್ರಶಸ್ತಿಯಿತ್ತು ಗೌರವಿಸಿತು.

ಒಬ್ಬ ಧನಿಕನ ಲಕ್ಷಕ್ಕಿಂತ ಸಾವಿರ ಜನರ ನೂರು ರೂಪಾಯಿ ಮೇಲೆಂದು ನಾನು ಹೇಳುವುದು ಬರಿಯ ಮಿತವ್ಯಯಕ್ಕಾಗಿ ಅಲ್ಲ. ತೋಟದ ಧಣಿಯ ಹಣದಿಂದ ತೆಗೆದ ಚಿತ್ರದಲ್ಲಿ ಲೈನುಮನೆಯ ಸೋರುವ ಮಾಡು ಉಳಿದೀತೇ? ಹಣ ಯಾರದೋ ಕಥೆಯೂ ಅವರದೇ. ಸತ್ಯವನ್ನು ಹೇಳಬೇಕೆಂಬ ಚಿತ್ರವು ಹಲವರ ಋಣದಲ್ಲಿರಬೇಕು; ಒಬ್ಬನ ಹಂಗಿನಲ್ಲಿ ಇರಬಾರದು.

ಇನ್ನು ಮಾರಾಟದ ವಿಷಯ. ನಮ್ಮ ನಿರ್ದೇಶಕರು ಚಿತ್ರವನ್ನು ಮುಗಿಸಿ, ಸೆನ್ಸಾರಿನ ಪತ್ರ ಪಡೆದು, ಆಮೇಲೆ ಪ್ರೇಕ್ಷಕರನ್ನು ಹುಡುಕಹೊರಡುವರು. ಮಲ್ಟಿಪ್ಲೆಕ್ಸಿನವರು ಜನ ಬಾರದ ಹೊತ್ತಿನಲ್ಲಿ ಒಂದು ಆಟ ಕೊಡುವರು. ಡಿಜಿಟಲ್ ಪ್ರದರ್ಶನದ ಶುಲ್ಕವನ್ನೂ ಜಾಹೀರಾತಿನ ವೆಚ್ಚವನ್ನೂ ನಿರ್ಮಾಪಕನೇ ಹೊರಬೇಕು. ಶುಕ್ರವಾರ ತೆರೆಕಂಡ ಚಿತ್ರ ಮುಂದಿನ ಶುಕ್ರವಾರಕ್ಕೆ ಉಳಿಯುವುದಿಲ್ಲ. ಆಗ ಗತಿಯೆಂದರೆ ಸರ್ಕಾರದ ಸಹಾಯಧನ ಮತ್ತು ಪ್ರಶಸ್ತಿ. ಸಹಾಯಧನವು ತಪ್ಪಲ್ಲ, ಅದೊಂದನ್ನೇ ನಂಬಿದವನಿಗೆ ಪ್ರೇಕ್ಷಕರು ಬೇಕಾಗುವುದೇ ಇಲ್ಲವೆಂಬುದು ದೋಷ. ಕೊಪ್ಪಳದ ಹಳ್ಳಿಯಲ್ಲಿ ತೆಗೆದ ‘ಶಿವಮ್ಮ’ 2022ರಲ್ಲಿಯೇ ಕೊರಿಯಾದ ಬುಸಾನಿನಲ್ಲಿ ಪ್ರಶಸ್ತಿ ಪಡೆಯಿತು. ಕನ್ನಡನಾಡಿನ ಚಿತ್ರಮಂದಿರಕ್ಕೆ ಬಂದುದು 2024ರಲ್ಲಿ! ಕಡಲಾಚೆಯವರು ಕಂಡ ನಮ್ಮ ಬಾಳನ್ನು ನಾವು ಕಾಣಲು ಎರಡು ವರ್ಷ ಕಾಯಬೇಕೇ?

ಆದುದರಿಂದ ಕ್ರಮವನ್ನು ತಿರುಗಿಸತಕ್ಕುದು: ಮೊದಲು ಪ್ರೇಕ್ಷಕರು, ಆಮೇಲೆ ಚಿತ್ರ. ಹೆಗ್ಗೋಡಿನಂತಹ ಹಳ್ಳಿಯಲ್ಲಿ ಕೆ. ವಿ. ಸುಬ್ಬಣ್ಣನವರೂ ನೀನಾಸಮ್ ಬಳಗದವರೂ 1970ರ ದಶಕದಲ್ಲಿಯೇ ಲೋಕದ ಶ್ರೇಷ್ಠ ಚಿತ್ರಗಳನ್ನು ತೋರಿಸಿ ಹಳ್ಳಿಗರ ಅಭಿರುಚಿಯ ಬಗೆಗಿನ ತಾತ್ಸಾರವನ್ನು ಸುಳ್ಳುಮಾಡಿದರು. ಹೆತ್ತೂರು, ಹಾನುಬಾಳು, ಯಸಳೂರು, ಪಾಳ್ಯಗಳಿಗೆ ಅದು ಅಸಾಧ್ಯವೇ? ಕಾಫಿಯ ಕೊಯ್ಲು ಮುಗಿದ ಮೇಲೆ ಮಳೆ ಹಿಡಿಯುವವರೆಗೆ ಸಮುದಾಯ ಭವನಗಳಲ್ಲಿ ಒಳ್ಳೆಯ ಚಿತ್ರಗಳನ್ನು ತೋರಿಸಲಿ. ಅಲ್ಲಿಯೇ ಮುಂದಿನ ಚಿತ್ರಕ್ಕೆ ಪಾಲು ಎತ್ತಲಿ. ಪಾಲಿನ ಚೀಟಿಯೇ ಪ್ರವೇಶದ ಚೀಟಿಯಾಗಲಿ. ಚಿತ್ರ ಸಿದ್ಧವಾದಾಗ ಮೊದಲ ಆಟ ಬೆಂಗಳೂರಿನಲ್ಲಲ್ಲ, ಅದು ಯಾರ ಕಥೆಯೋ ಅವರ ಹೋಬಳಿಯಲ್ಲಿ ನಡೆಯಲಿ. ಲೆಕ್ಕಪತ್ರವನ್ನು ಪಾಲುದಾರರ ಸಭೆಯಲ್ಲಿ ಓದಿ ಒಪ್ಪಿಸಲಿ.

ದುಡಿದು ದಣಿದವರಿಗೆ ವಿನೋದ ಬೇಕು, ಅವರ ಕಷ್ಟವನ್ನೇ ಅವರಿಗೆ ತೋರಿಸುವುದೇಕೆಂದು ಆಕ್ಷೇಪಿಸುವ ಮಹನೀಯರುಂಟು. ವಿನೋದ ಬೇಡವೆಂದವರಾರು? ‘ತಿಥಿ’ಯನ್ನು ನೋಡಿ ನಗದವರುಂಟೇ? ಆ ಕೂಲಿಯವಳ ಹೆಸರಿನಲ್ಲಿ ಬೇಡವೆನ್ನುವ ಮುನ್ನ ಒಂದು ಸಲ ಅವಳನ್ನೇ ಕೇಳಿ ನೋಡಲಿ. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಮಾರುಕಟ್ಟೆ ಡೊಂಕೆಂದು ನಾವು ಕೈಕಟ್ಟಿ ಕುಳಿತಿರುವಷ್ಟು ಕಾಲವೂ ನಮ್ಮ ಬೆಟ್ಟಗಳು ಪರರ ಹಾಡಿಗೆ ಪರದೆಯಾಗಿಯೇ ಉಳಿಯುವುವು.